ಸಹಾಯ ಬೇಕು: ವೇಪ್ (ಇ-ಸಿಗರೇಟ್) ಸೇದುವ ತಮ್ಮನಿಗೆ ಯಾವ ಪರೀಕ್ಷೆ ಮಾಡಿಸಬೇಕು?

ನಮಸ್ಕಾರ. ತಮ್ಮ ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದಾನೆ. ನಿಕೋಟಿನ್ ವೇಪ್ ಜೊತೆಗೆ ಗಾಂಜಾ ಎಣ್ಣೆಯ ಕಾರ್ಟ್ರಿಜ್ ಕೂಡ ಸೇದುತ್ತಾನೆ. ಈಗ ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಸಿರಪ್ ಆಯಿತು, ನಿಕೋಟಿನ್ ಗಮ್ ಆಯಿತು, ಏನೂ ಪ್ರಯೋಜನವಿಲ್ಲ. ಎಕ್ಸ್‌ರೇ ನಾರ್ಮಲ್ ಬಂದಿದೆ. ಡಾಕ್ಟರ್ ಹತ್ತಿರ ಗಾಂಜಾ ವಿಷಯ ಮಾತ್ರ ಬಾಯಿಬಿಟ್ಟಿಲ್ಲ, ವೀಸಾ ಭಯವಂತೆ!

2019ರಲ್ಲಿ ಅಮೆರಿಕದಲ್ಲಿ ವೇಪಿಂಗ್‌ನಿಂದ ಶ್ವಾಸಕೋಶ ಹಾಳಾಗಿ ಎಷ್ಟೋ ಜನ ಸತ್ತರಲ್ಲ, 2020ರ ಫೆಬ್ರವರಿ ಹೊತ್ತಿಗೆ ಲೆಕ್ಕ 68 ಮುಟ್ಟಿತ್ತು. "ಅದು ಕಳ್ಳ ಮಾಲಿನ ಗಾಂಜಾ ಎಣ್ಣೆಗೆ ಬೆರೆಸುತ್ತಿದ್ದ ವಿಟಮಿನ್ ಇ ಅಸಿಟೇಟ್ ಅನ್ನೋ ಪದಾರ್ಥದಿಂದ, ನಾನು ಲೈಸೆನ್ಸ್ ಅಂಗಡಿಯಲ್ಲೇ ಕೊಳ್ಳೋದು" ಅನ್ನುತ್ತಾನೆ. ಆದರೆ ಬರೀ ನಿಕೋಟಿನ್ ಸೇದಿದವರೂ ಕೆಲವರು ಆಗ ಆಸ್ಪತ್ರೆ ಸೇರಿದ್ದರು, ಅಲ್ವಾ?

ಎಕ್ಸ್‌ರೇ ನಾರ್ಮಲ್ ಇದ್ದರೆ ಸಾಕೇ, ಅಥವಾ ಸಿಟಿ ಸ್ಕ್ಯಾನ್, ಉಸಿರಾಟದ ಪರೀಕ್ಷೆ ಕೇಳಿ ಮಾಡಿಸಬೇಕೇ? ಶ್ವಾಸಕೋಶದ ಡಾಕ್ಟರ್ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.