ಅಪ್‌ಡೇಟ್: ಜೀವಾವಧಿ ಕೈದಿಗೆ ಕೊನೇ ಹಂತದ ಕ್ಯಾನ್ಸರ್, ಬಿಡುಗಡೆ ಸಿಕ್ತು

ಕೊಲೆ ಕೇಸಲ್ಲಿ ಜೀವಾವಧಿ ಶಿಕ್ಷೆಯಾಗಿ, ಕ್ಯಾನ್ಸರ್ ಕೊನೇ ಹಂತದಲ್ಲಿರೋ ಕೈದಿಯನ್ನ ಮನೆಗೆ ಕರ್ಕೊಂಡು ಬರೋಕೆ ದಾರಿ ಇದೆಯಾ ಅಂತ ಕೇಳಿದ್ದೆ. ಫಲ ಕೊಟ್ಟಿದ್ದು, ಹೈಕೋರ್ಟಲ್ಲಿ ಬಾಕಿಯಿದ್ದ ಮೇಲ್ಮನವಿಯಲ್ಲೇ ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸು ನಡೆಸೋ ವಿಧಾನದ ಹೊಸ ಕಾನೂನು) ಸೆಕ್ಷನ್ 430ರಡಿ (ಹಳೇ ಸಿಆರ್‌ಪಿಸಿ 389) ಶಿಕ್ಷೆ ಅಮಾನತಿಗೆ, ಅಂದ್ರೆ ಮೇಲ್ಮನವಿ ಮುಗಿಯೋವರೆಗೆ ಶಿಕ್ಷೆ ತಡೆದು ಜಾಮೀನಿನ ಮೇಲೆ ಬಿಡೋಕೆ, ಅರ್ಜಿ ಹಾಕಿ ಅನ್ನೋ ಸಲಹೆ. ಸರ್ಕಾರಕ್ಕೆ ಹಾಕಿದ ಶಿಕ್ಷೆ ಮಾಫಿ ಅರ್ಜಿ ನಡೀಲಿಲ್ಲ. ಮರಣದಂಡನೆಗೂ ಅವಕಾಶವಿರೋ ಅಪರಾಧಕ್ಕೆ ಜೀವಾವಧಿ ಆಗಿದ್ರೆ, ಅದೇ ಕಾನೂನಿನ ಸೆಕ್ಷನ್ 475ರ ಪ್ರಕಾರ ಮಾಫಿಗೆ ಮುಂಚೆ 14 ವರ್ಷ ಜೈಲಲ್ಲಿ ಕಳೀಲೇಬೇಕು.

ಖಾಸಗಿ ಡಾಕ್ಟರ ಸರ್ಟಿಫಿಕೇಟ್‌ಗೆ ತೂಕ ಕಮ್ಮಿ, ಸರ್ಕಾರಿ ವೈದ್ಯಕೀಯ ಮಂಡಳಿಯ ವರದಿ ಕೇಳಿ. ಅದರಲ್ಲೂ ‘ತೀವ್ರ ಅನಾರೋಗ್ಯ’ ಅಂತ ಒಂದು ಸಾಲಿದ್ರೆ ಸಾಲದು. ರೋಗ ಎಲ್ಲೆಲ್ಲಿ ಹರಡಿದೆ, ತಾನಾಗಿ ಎದ್ದು ಓಡಾಡ್ತಾರಾ, ಮಾರ್ಫಿನ್‌ನಂಥ ನೋವಿನ ಚಿಕಿತ್ಸೆ ಜೈಲಾಸ್ಪತ್ರೆಯಲ್ಲಿ ಸಾಧ್ಯವಾ, ಇಷ್ಟೂ ಇರಬೇಕು. ಇಂಥ ಕೇಸಲ್ಲಿ ಸರ್ಕಾರಿ ವಕೀಲರಿಗೆ ಲಿಖಿತ ಆಕ್ಷೇಪಣೆಗೆ ಅವಕಾಶ ಕೊಡಲೇಬೇಕು. ದಾಖಲೆ ಪ್ರತಿ ಅವರಿಗೆ ಮೊದಲೇ ತಲುಪಿಸಿ, ಇಲ್ಲಾಂದ್ರೆ ವಾಯಿದೆ ಮೇಲೆ ವಾಯಿದೆ.

ಅಚ್ಚರಿ ಅಂದ್ರೆ, ಸಂವಿಧಾನದ 161ನೇ ವಿಧಿಯಡಿ ಶಿಕ್ಷೆ ಮಾಫಿ ಮಾಡೋ ರಾಜ್ಯಪಾಲರ ಅಧಿಕಾರಕ್ಕೆ ಆ 14 ವರ್ಷದ ತಡೆ ಇಲ್ಲ (ಸುಪ್ರೀಂ ಕೋರ್ಟಿನ ಮಾರು ರಾಮ್ ತೀರ್ಪು, 1980). ಮೇಲ್ಮನವಿ ಮುಗಿದವರು ಇದನ್ನ ನೋಡಬಹುದು. ಇನ್ನೊಂದು: ಅಮಾನತಲ್ಲಿ ಹೊರಗಿದ್ದ ದಿನಗಳು ಶಿಕ್ಷೆಯ ಲೆಕ್ಕಕ್ಕೆ ಸೇರಲ್ಲ.