ಎಣಿಕೆ ನಿಲ್ಲಿಸಲಾರದ ‘ವೀಕ್ಷಕ’ನಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಚುನಾವಣೆ ನೋಡಲು ಹೊರದೇಶದಿಂದ ಬರುವ ‘ಅಬ್ಸರ್ವರ್’ಗೆ ಕನ್ನಡದಲ್ಲಿ ಏನನ್ನಬೇಕು ಅಂತ, ಒಂದೇ ಒಂದು ಪದಕ್ಕಾಗಿ ಹದಿನೈದು ದಿನದಿಂದ ತಲೆ ಕೆಡಿಸಿಕೊಂಡು ಕೂತಿದ್ದೇನೆ. ನಿಮಗೂ ಸ್ವಲ್ಪ ಹಂಚೋಣ ಅಂತ ಬರೆಯುತ್ತಿದ್ದೇನೆ.

ನಾನಿರುವುದು ಬಾಗಲಕೋಟೆಯಲ್ಲಿ. ಮಾಸ್ತರಿಕೆ ಮುಗಿದ ಮೇಲೆ ಅಷ್ಟಿಷ್ಟು ಅನುವಾದ ಮಾಡುತ್ತೇನೆ. ಇಲ್ಲಿ ರಾಜ್ಯಶಾಸ್ತ್ರ ಕಲಿಸುವ ಪರಿಚಯದವರೊಬ್ಬರು ಬಿ.ಎ. ಹುಡುಗರಿಗೆ ಒಂದು ಪಾಠ ಕನ್ನಡಕ್ಕೆ ಮಾಡಿಕೊಡಿ ಅಂದರು. ಬೇರೆ ಬೇರೆ ದೇಶಗಳಲ್ಲಿ ಚುನಾವಣೆ ನೆಟ್ಟಗೆ ನಡೆಯಲಿ, ಮತದಾರರ ಹಕ್ಕು ಉಳಿಯಲಿ ಅಂತ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆಗಳ ಬಗ್ಗೆ ಆ ಪಾಠ. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಮತ್ತು ಅವರ ಪತ್ನಿ 1982ರಲ್ಲಿ ಕಟ್ಟಿದ ಕಾರ್ಟರ್ ಸೆಂಟರ್, 1987ರಲ್ಲಿ ಶುರುವಾದ ಐ.ಎಫ್.ಇ.ಎಸ್. (ಇಂಟರ್‌ನ್ಯಾಷನಲ್ ಫೌಂಡೇಶನ್ ಫಾರ್ ಎಲೆಕ್ಟೋರಲ್ ಸಿಸ್ಟಮ್ಸ್), ಇಂಥವು. ‘ಅಬ್ಸರ್ವರ್’ ಅಂತ ಬಂದಲ್ಲೆಲ್ಲ ಕಣ್ಣು ಮುಚ್ಚಿಕೊಂಡು ‘ವೀಕ್ಷಕ’ ಅಂತ ಹಾಕಿ ಕೊಟ್ಟುಬಿಟ್ಟೆ.

ಪಾಠದಲ್ಲಿ 1989ರ ಮೇ ತಿಂಗಳ ಪನಾಮಾ ಚುನಾವಣೆಯ ಕತೆ ಇದೆ. ಸರ್ವಾಧಿಕಾರಿ ನೊರಿಯೇಗಾ ಕಡೆಯವರು ಲೆಕ್ಕದಲ್ಲಿ ಮೋಸ ಮಾಡಿದರು. ವೀಕ್ಷಕರ ತಂಡದ ಜೊತೆ ಹೋಗಿದ್ದ ಕಾರ್ಟರ್ ಎಣಿಕೆ ಕೇಂದ್ರದಲ್ಲೇ ಅಧಿಕಾರಿಗಳನ್ನು ತರಾಟೆಗೆ ತಗೊಂಡರು. ಆಮೇಲೆ ಪತ್ರಕರ್ತರ ಮುಂದೆ ಇದು ಮೋಸ ಅಂತ ಸಾರಿದರು. ಅಷ್ಟೇ. ಅದಕ್ಕಿಂತ ಹೆಚ್ಚು ಅವರ ಕೈಯಲ್ಲಿ ಏನೂ ಇರಲಿಲ್ಲ. ನೊರಿಯೇಗಾ ಸರ್ಕಾರ ಆ ಚುನಾವಣೆಯನ್ನೇ ರದ್ದು ಮಾಡಿತು.

ಇದನ್ನು ಓದಿದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳಂತೆ: “ಸರ್, ವೀಕ್ಷಕರು ಅಲ್ಲೇ ಇದ್ರಲ್ರೀ, ಮತ್ತ ಎಣಿಕಿ ಯಾಕ ನಿಲ್ಲಸಲಿಲ್ಲ?”

ಮೇಷ್ಟ್ರು ನಕ್ಕು ನನಗೆ ಫೋನ್ ಮಾಡಿದರು. ನನಗೆ ನಗು ಬರಲಿಲ್ಲ. ಹುಡುಗಿ ಕೇಳಿದ್ದು ಸರಿಯಾಗೇ ಇದೆ, ತಪ್ಪು ನನ್ನ ಪದದ್ದು.

ಯಾಕೆ ಅಂದರೆ, ನಮ್ಮಲ್ಲಿ ವೀಕ್ಷಕ ಅಂದರೆ ಚುನಾವಣಾ ಆಯೋಗ ಕಳಿಸುವ ಸರ್ಕಾರಿ ಅಧಿಕಾರಿ. ಸಾಮಾನ್ಯ ವೀಕ್ಷಕ, ವೆಚ್ಚ ವೀಕ್ಷಕ, ಪೊಲೀಸ್ ವೀಕ್ಷಕ ಅಂತ ಬೇರೆ ಬೇರೆ ಇರುತ್ತಾರೆ. ಜನಪ್ರತಿನಿಧಿ ಕಾಯ್ದೆಗೆ 1996ರಲ್ಲಿ 20ಬಿ ಅನ್ನೋ ಕಲಂ ಸೇರಿತು. ಮತಗಟ್ಟೆಗಳನ್ನು ಜಾಸ್ತಿ ಸಂಖ್ಯೆಯಲ್ಲಿ ವಶ ಮಾಡಿಕೊಂಡಿದ್ದಾರೆ ಅಂತ ವೀಕ್ಷಕರಿಗೆ ಅನಿಸಿದರೆ, ಎಣಿಕೆ ನಿಲ್ಲಿಸಿ, ಫಲಿತಾಂಶ ಹೇಳಬೇಡಿ ಅಂತ ಚುನಾವಣಾಧಿಕಾರಿಗೇ ಹೇಳುವ ಅಧಿಕಾರ ಅವರಿಗಿದೆ. ಬರೀ ನೋಡಿ ಹೋಗುವ ಮನುಷ್ಯ ಅಲ್ಲವೇ ಅಲ್ಲ.

ನಾನೇ ಒಮ್ಮೆ ಹುನಗುಂದದ ಕಡೆ ಒಂದು ಹಳ್ಳಿ ಶಾಲೆಯಲ್ಲಿ ಎಲೆಕ್ಷನ್ ಡ್ಯೂಟಿ ಮಾಡಿದ್ದೆ. ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ ಮುರಿದಿದ್ದೆವು, ಅಷ್ಟರಲ್ಲಿ “ಅಬ್ಸರ್ವರ್ ಸಾಹೇಬ್ರು ಬರಾಕತ್ತಾರ” ಅಂತ ಸುದ್ದಿ ಬಂತು. ರೊಟ್ಟಿ ಅಲ್ಲೇ ಉಳಿಯಿತು. ಬೇರೆ ರಾಜ್ಯದ ಅಧಿಕಾರಿ, ಮಾತು ಕಮ್ಮಿ. ಒಳಗೆ ಬಂದವರು ಮತ ಹಾಕುವ ಮರೆಯ ರಟ್ಟನ್ನೂ ಅದರ ಹಿಂದಿನ ಕಿಟಕಿಯನ್ನೂ ನೋಡಿದರು. ಬೆರಳನ್ನು ಹಿಂಗೆ ಆ ಮೂಲೆಯಿಂದ ಈ ಮೂಲೆಗೆ ತೋರಿಸಿದರು. ಅಷ್ಟಕ್ಕೇ ಟೇಬಲ್, ರಟ್ಟು, ಯಂತ್ರ ಎಲ್ಲ ಎರಡು ನಿಮಿಷದಲ್ಲಿ ಈ ಮೂಲೆಗೆ ಬಂತು. ಕಿಟಕಿಯಿಂದ ಇಣುಕಿದರೆ ಯಾರು ಯಾವ ಗುಂಡಿ ಒತ್ತಿದರು ಅಂತ ಕಾಣುತ್ತಿತ್ತು, ನಮಗೆ ಹೊಳೆದೇ ಇರಲಿಲ್ಲ. ಅಂದಹಾಗೆ ಅವತ್ತು ಯಾರ ಬಾಯಲ್ಲೂ ‘ವೀಕ್ಷಕರು’ ಅಂತ ಬರಲಿಲ್ಲ. ಆ ಪದ ಕಂಡಿದ್ದು ಕಾಗದದಲ್ಲಿ ಮಾತ್ರ.

ಈಗ ಇದೇ ಜಾಗದಲ್ಲಿ ಹೊರದೇಶದ ಸ್ವಯಂಸೇವಾ ಸಂಸ್ಥೆಯ ಅಬ್ಸರ್ವರ್‌ನನ್ನು ನಿಲ್ಲಿಸಿ ನೋಡಿ. ಅವನು ಆ ಬೆರಳು ಎತ್ತುವ ಹಾಗಿಲ್ಲ. 2005ರ ಅಕ್ಟೋಬರ್ 27ರಂದು ವಿಶ್ವಸಂಸ್ಥೆಯಲ್ಲಿ ಈ ಸಂಸ್ಥೆಗಳೆಲ್ಲ ಸೇರಿ ಒಂದು ತತ್ವಗಳ ಘೋಷಣೆ, ಜೊತೆಗೆ ನಡಾವಳಿ ಸಂಹಿತೆ ಒಪ್ಪಿಕೊಂಡವು. ಅದರ ಪ್ರಕಾರ ಅಬ್ಸರ್ವರ್ ಪ್ರಶ್ನೆ ಕೇಳಬಹುದು. ತಪ್ಪು ಕಂಡರೆ, ಅಲ್ಲಿನ ಕಾನೂನು ಬೇಡ ಅನ್ನದಿದ್ದರೆ, ಅಡ್ಡಿಯಾಗದಂತೆ ಅಧಿಕಾರಿಯ ಗಮನಕ್ಕೆ ತರಬಹುದು. ಆದರೆ ಹೀಗೆ ಮಾಡಿ ಅಂತ ಹೇಳುವಂತಿಲ್ಲ, ಅಧಿಕಾರಿಯ ಮಾತನ್ನು ಮೀರುವಂತಿಲ್ಲ. ನೋಡಬೇಕು, ಬರೆದುಕೊಳ್ಳಬೇಕು, ಆಮೇಲೆ ಕಂಡದ್ದನ್ನು ಮುಚ್ಚಿಡದೆ ಜಗತ್ತಿಗೆ ಹೇಳಬೇಕು. ಅವನ ಬಲವೆಲ್ಲ ಆ ಹೇಳುವುದರಲ್ಲೇ ಇದೆ.

ಇಬ್ಬರಿಗೂ ಒಂದೇ ಪದ ಇಟ್ಟರೆ ಆ ಹುಡುಗಿ ಕೇಳದೆ ಇರುತ್ತಾಳಾ? ಸಾಲದ್ದಕ್ಕೆ ಟಿ.ವಿ. ನೋಡುವವರೂ ‘ಪ್ರಿಯ ವೀಕ್ಷಕರೇ’. ರೇಡಿಯೋದಲ್ಲಿ ಕ್ರಿಕೆಟ್ ಬಂದರೆ ‘ವೀಕ್ಷಕ ವಿವರಣೆ’. ಪಾಪ, ಒಂದೇ ಪದ ಎಷ್ಟು ಮನೆ ಸುತ್ತಬೇಕು!

ಅಕ್ಕಪಕ್ಕದ ಭಾಷೆಯಲ್ಲಿ ಏನಂತಾರೆ ಅಂತ ಹುಡುಕಿದೆ. ಬೆಳಗಾವಿಯ ಗೆಳೆಯರು ಮರಾಠಿ ಪೇಪರ್ ಓದುತ್ತಾರೆ. ಅದರಲ್ಲಿ ‘ನಿರೀಕ್ಷಕ’ ಅಂತ ಬರುತ್ತೆ. ಹಿಂದಿಯಲ್ಲಿ ಆಯೋಗವೇ ‘ಪ್ರೇಕ್ಷಕ’ ಅನ್ನುತ್ತದೆ. ನಮಗೆ ಎರಡೂ ಆಗಿಬರಲ್ಲ. ಕನ್ನಡದಲ್ಲಿ ನಿರೀಕ್ಷಕ ಅಂದ ಕೂಡಲೇ ಕಂದಾಯ ನಿರೀಕ್ಷಕರು ಕಣ್ಮುಂದೆ ಬರುತ್ತಾರೆ, ‘ನಿರೀಕ್ಷೆ’ ಅಂದರಂತೂ ಕಾಯುತ್ತಾ ಕೂರುವುದು. ಪ್ರೇಕ್ಷಕ ನಾಟಕದ ಕುರ್ಚಿಯಲ್ಲಿ ಕೂತವನು, ಅದರ ಹಿಂದೆ ‘ಮೂಕ’ ಅಂತ ತಾನಾಗೇ ಬಂದು ಅಂಟಿಕೊಳ್ಳುತ್ತದೆ. ಚುನಾವಣೆಗೆ ಮೂಕಪ್ರೇಕ್ಷಕರನ್ನು ಕಳಿಸಿ ಏನು ಮಾಡೋದು? ತಮಾಷೆ ಅಂದರೆ ವೀಕ್ಷಕ, ಪ್ರೇಕ್ಷಕ, ನಿರೀಕ್ಷಕ, ಪರೀಕ್ಷಕ ಎಲ್ಲ ಒಂದೇ ‘ಈಕ್ಷ್’ ಧಾತುವಿನ ಮಕ್ಕಳು. ಎಲ್ಲರ ಕೆಲಸವೂ ನೋಡುವುದೇ. ಅಪೇಕ್ಷೆ, ಉಪೇಕ್ಷೆ, ಸಮೀಕ್ಷೆ ಕೂಡ ಅದೇ ಮನೆಯವು. ಯಾರು ನೋಡಿ ಸುಮ್ನೆ ಇರಬೇಕು, ಯಾರು ನೋಡಿ ಬೈಯಬೇಕು ಅನ್ನೋದು ಆಯಾ ಭಾಷೆಯ ರೂಢಿ ಮೇಲೆ ನಿಂತಿದೆ, ವ್ಯುತ್ಪತ್ತಿ ಮೇಲಲ್ಲ.

ಸಂಸ್ಕೃತ ಬಿಟ್ಟು ನಮ್ಮ ಬಳಕೆಯ ಮಾತಿಗೆ ಬಂದೆ. ಇಲ್ಲಿ ಸ್ವಲ್ಪ ಬೆಳಕು ಕಂಡಿತು. ‘ನಿಗಾ ಇಡು’ ಅಂದರೆ ಬರೀ ನೋಟ ಅಲ್ಲ, ತಪ್ಪಿದರೆ ತಿದ್ದುವ ಸಿದ್ಧತೆಯೂ ಇರುತ್ತೆ. ‘ಉಸ್ತುವಾರಿ’ ಅಂದರೆ ಇನ್ನೂ ಒಂದು ಮೆಟ್ಟಿಲು ಮೇಲೆ, ಜವಾಬ್ದಾರಿಯೇ ನಿಮ್ಮದು. ಈ ಮೆಟ್ಟಿಲುಗಳು ಪಾಠಕ್ಕೆ ಚೆನ್ನಾಗಿ ಒದಗಿದವು. 1989ರ ನವೆಂಬರ್‌ನಲ್ಲಿ ನಮೀಬಿಯಾದ ಚುನಾವಣೆಯನ್ನು ದಕ್ಷಿಣ ಆಫ್ರಿಕಾದ ಆಡಳಿತ ನಡೆಸಿತು, ವಿಶ್ವಸಂಸ್ಥೆ ಉಸ್ತುವಾರಿ ಮಾಡಿತು. 1993ರಲ್ಲಿ ಕಾಂಬೋಡಿಯಾದಲ್ಲಿ ವಿಶ್ವಸಂಸ್ಥೆ ತಾನೇ ನಿಂತು ಚುನಾವಣೆ ನಡೆಸಿಕೊಟ್ಟಿತು. 1953ರಲ್ಲಿ ಸೂಡಾನಿನ ಚುನಾವಣೆಗೆ ನೇಮಿಸಿದ ಅಂತರರಾಷ್ಟ್ರೀಯ ಆಯೋಗದ ಅಧ್ಯಕ್ಷರು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಅವರನ್ನು ಯಾರೂ ಅಬ್ಸರ್ವರ್ ಅನ್ನಲಾರರು. ಹಾಗಾದರೆ ಉಸ್ತುವಾರಿ ಇದೆ, ನಿಗಾ ಇದೆ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿಗೆ ಮಾತ್ರ ಪದ ಇಲ್ಲ.

ಆಗ ಒಂದು ದಿನ ಬಸ್ಸಿನಲ್ಲಿ ‘ಪಂಚರು’ ಹೊಳೆಯಿತು. ಹಳೇ ಮೈಸೂರಿನವರು ಮಹಜರು ಅನ್ನುತ್ತೀರಲ್ಲ, ಅದಕ್ಕೆ ನಮ್ಮ ಕಡೆ ಪಂಚನಾಮೆ ಅಂತಾರೆ. ಕಳ್ಳತನ ಆದ ಮನೆಗೆ ಪೊಲೀಸರು ಬಂದಾಗ ಓಣಿಯ ಇಬ್ಬರನ್ನು ಕರೆದು ನಿಲ್ಲಿಸುತ್ತಾರೆ. ಅವರು ಏನನ್ನೂ ಮುಟ್ಟುವುದಿಲ್ಲ, ಯಾರಿಗೂ ಏನೂ ಹೇಳುವುದಿಲ್ಲ. ಮುರಿದ ಬೀಗ ನೋಡುತ್ತಾರೆ, ಬರೆದದ್ದನ್ನು ಓದಿಸಿ ಕೇಳುತ್ತಾರೆ, ಸಹಿ ಹಾಕುತ್ತಾರೆ. ನಾಳೆ ಯಾರಾದರೂ ಕೇಳಿದರೆ ಕಂಡದ್ದನ್ನು ಹೇಳುತ್ತಾರೆ. ಇದಕ್ಕಿಂತ ಒಪ್ಪುವ ಪದ ಇನ್ನೊಂದಿಲ್ಲ ಅಂತ ಖುಷಿಯಾಗಿ, ಮನೆಗೆ ಬಂದವನೇ ‘ಚುನಾವಣಾ ಪಂಚರು’ ಅಂತ ದೊಡ್ಡದಾಗಿ ಬರೆದೆ.

ಖುಷಿ ಎರಡು ದಿನ ಇತ್ತು. ಬೆಳಗಾವಿಯ ಗೆಳೆಯರು ಕೇಳಿ ಜೋರಾಗಿ ನಕ್ಕರು. “ನಮ್ಮ ಕುಸ್ತಿ ಕಣದಾಗ ಪಂಚ ಅಂದ್ರ ಯಾರ್ರೀ? ಗೆದ್ದವನ ಕೈ ಎತ್ತಿ ಹಿಡಿಯಾಂವ!” ಹೌದಲ್ವಾ. ಊರ ಪಂಚರು ಕೂಡ ನ್ಯಾಯ ಹೇಳುವವರೇ, ಪಂಚಾಯ್ತಿ ಅನ್ನೋದು ಅಲ್ಲಿಂದಲೇ ಬಂತು. ಸೋಲು ಗೆಲುವು ತೀರ್ಮಾನಿಸಬಾರದ ಮನುಷ್ಯನಿಗೆ ತೀರ್ಪುಗಾರನ ಹೆಸರು ಇಟ್ಟಹಾಗಾಯಿತು. ಹೊಡೆದುಹಾಕಿದೆ.

ಈಗ ಕೈಯಲ್ಲಿ ಉಳಿದಿರುವುದು ‘ಸಾಕ್ಷಿ’. ನೋಡುವುದು, ಹೇಳುವುದು ಎರಡೂ ಆ ಪದದೊಳಗೇ ಇವೆ, ಅಧಿಕಾರದ ಸೋಂಕಿಲ್ಲ. ‘ಸಾಕ್ಷಿ ತಂಡ ಬಂತು’ ಅಂದರೆ ಹುಡುಗರಿಗೆ ಅರ್ಥ ಆಗುತ್ತೆ. ತೊಡಕು ಏನೆಂದರೆ ಸಾಕ್ಷಿ ಬಂತು ಅಂದರೆ ಎಲ್ಲೋ ಕೇಸ್ ಆಗಿದೆ ಅಂತಲೇ ನಮ್ಮ ಜನ ತಿಳಿಯೋದು. ಚುನಾವಣೆ ಅಚ್ಚುಕಟ್ಟಾಗಿ ನಡೆದರೂ ಸಾಕ್ಷಿಗೆ ಕೆಲಸ ಇದೆ, ‘ಸರಿಯಾಗಿ ನಡೆಯಿತು’ ಅಂತ ಹೇಳುವುದೂ ಅವನೇ. ಆ ಅರ್ಥ ಪದದಲ್ಲಿ ಬರುತ್ತಾ? ನನಗೆ ಅರ್ಧ ಬರುತ್ತೆ ಅನಿಸುತ್ತದೆ. ‘ನೋಡುಗರು’ ಅನ್ನಿ ಅಂತ ಒಬ್ಬರು ಸೂಚಿಸಿದರು. ಅದು ಸಿನಿಮಾ ವಿಮರ್ಶೆಗೆ ಚೆಂದ, ಇಲ್ಲಿಗೆ ಬೇಡ.

ಇದೇ ಪಾಠದಲ್ಲಿ ಇನ್ನೂ ಕೆಲವು ಮುಳ್ಳು ಚುಚ್ಚಿದವು, ಬೇಗ ಹೇಳಿ ಮುಗಿಸುತ್ತೇನೆ. ಈ ಸಂಸ್ಥೆಗಳು ಸಿಬ್ಬಂದಿಗೆ ತರಬೇತಿ ಕೊಡುವುದು, ಮತದಾರರ ಪಟ್ಟಿ ಸರಿ ಮಾಡಲು ಕೈಜೋಡಿಸುವುದು, ಅಂಗವಿಕಲರು ತಾವೇ ಮತ ಹಾಕುವಂತೆ ಅನುಕೂಲ ಮಾಡುವುದು ಇವನ್ನೆಲ್ಲ ಮಾಡುತ್ತವೆ. ಮೊದಲು ‘ಚುನಾವಣೆಗೆ ಬೆಂಬಲ’ ಅಂತ ಬರೆದಿದ್ದೆ. ನಮ್ಮಲ್ಲಿ ಚುನಾವಣೆ ಹೊತ್ತಿಗೆ ಬೆಂಬಲ ಅಂದರೆ ಯಾವ ಪಕ್ಷಕ್ಕೆ ಅಂತಲೇ ಮುಂದಿನ ಪ್ರಶ್ನೆ. ಪಕ್ಷ ಹಿಡಿಯಬಾರದು ಅನ್ನೋದೇ ಈ ಸಂಸ್ಥೆಗಳ ಮೊದಲ ನೇಮ. ಹಾಗಾಗಿ ‘ನೆರವು’ ಅಂತ ಬದಲಿಸಿದೆ. ‘ಲಾಭರಹಿತ ಸಂಸ್ಥೆ’ ಅಂತ ಬರೆದದ್ದನ್ನು ವಿಜಯಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನ ಷಡ್ಡಕ ಓದಿ, “ಲುಕ್ಸಾನದಾಗ ಐತೇನು?” ಅಂತ ಕೇಳಿದ. ಅದನ್ನೂ ‘ಲಾಭಕ್ಕಲ್ಲದ ಸಂಸ್ಥೆ’ ಅಂತ ಮಾಡಿದೆ, ಇದರಲ್ಲಿ ನನಗೆ ಪೂರ್ತಿ ತೃಪ್ತಿ ಇಲ್ಲ.

ಒಂದು ಪದ ಮಾತ್ರ ತಾನಾಗೇ ಖುಷಿ ಕೊಟ್ಟಿತು. ಹಿಂದಿಯವರು ಮತದಾತ ಅನ್ನುತ್ತಾರೆ, ಕೊಡುವವನು. ನಾವು, ಮರಾಠಿಯವರು ಮತದಾರ ಅನ್ನುತ್ತೇವೆ. ಈ ‘ದಾರ’ ಜಮೀನ್ದಾರ, ಹಕ್ಕುದಾರ ಇವುಗಳಲ್ಲಿ ಬರುವ ಪಾರಸಿಯ ‘ದಾರ್’, ಅಂದರೆ ಉಳ್ಳವನು. ಮತ ಅವನ ಸ್ವತ್ತು. ಮತದಾರರ ಹಕ್ಕಿನ ಬಗ್ಗೆ ಬರೆಯುವಾಗ ‘ದಾನ’ಕ್ಕಿಂತ ಈ ‘ದಾರ’ ಎಷ್ಟೋ ವಾಸಿ. ಆದರೂ ‘ಮತದಾನ’ ಬಿಡಲಾಗದು, ಪಾಠದ ತುಂಬ ಅದೇ ಇದೆ.

ಮತ್ತೆ ನನ್ನ ಪ್ರಶ್ನೆಗೆ ಬರುತ್ತೇನೆ. ನಮ್ಮದು ಕಬ್ಬಿನ ಸೀಮೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಕಾಟಾದ ಮೇಲೆ ಹತ್ತಿದಾಗ ತೂಕ ಸರಿ ಬೀಳುತ್ತೋ ಇಲ್ಲವೋ ಅಂತ ರೈತನಿಗೆ ಯಾವಾಗಲೂ ಅನುಮಾನ. ಅದಕ್ಕೆ ತನ್ನ ಕಡೆಯವನೊಬ್ಬನನ್ನು ಅಲ್ಲಿ ನಿಲ್ಲಿಸುತ್ತಾನೆ. ಅವನು ಕಾಟಾ ಮುಟ್ಟುವ ಹಾಗಿಲ್ಲ. ಅಂಕಿ ನೋಡುತ್ತಾನೆ, ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ, ಹೊರಗೆ ಬಂದು ಹೇಳುತ್ತಾನೆ. ಅವನು ನಿಂತಿದ್ದಾನೆ ಅನ್ನೋದೇ ಅರ್ಧ ಕೆಲಸ. ನನಗೆ ಬೇಕಾದ ಮನುಷ್ಯ ಇವನೇ. ಆದರೆ ನಮ್ಮ ತಂದೆ ಅವನಿಗೆ ಯಾವ ಹೆಸರೂ ಹೇಳುತ್ತಿರಲಿಲ್ಲ. “ಕಾಟಾದ ಮುಂದ ಒಬ್ಬ ಮನಶ್ಯಾ ನಿಂದರ್ಲಿ” ಅನ್ನೋರು, ಅಷ್ಟೇ. ಹತ್ತಿಯ ತೂಕಕ್ಕೋ, ರಾಶಿ ಅಳೆಯುವಾಗಲೋ, ಕರಾವಳಿಯಲ್ಲಿ ಮೀನು ಹರಾಜಿನ ಹೊತ್ತಿಗೋ ಹೀಗೆ ಪಕ್ಕದಲ್ಲಿ ನಿಂತು ನೋಡುವವನಿಗೆ ನಿಮ್ಮ ಕಡೆ ಏನಾದರೂ ಹೆಸರಿದೆಯಾ? ಹಳೆ ಲೆಕ್ಕದ ಪುಸ್ತಕದಲ್ಲಿ ಕಂಡದ್ದಾದರೂ ಸರಿ, ಅಜ್ಜಿ ಬಾಯಲ್ಲಿ ಕೇಳಿದ್ದಾದರೂ ಸರಿ, ತಿಳಿಸಿ. ಪಾಠ ಸೋಮವಾರ ಅಚ್ಚಿಗೆ ಹೋಗುತ್ತೆ. ಅಷ್ಟರಲ್ಲಿ ಸಿಗದಿದ್ದರೆ ‘ಸಾಕ್ಷಿ’ ಅಂತಲೇ ಹಾಕಿ, ಕೆಳಗೊಂದು ಸಾಲು ವಿವರಣೆ ಕೊಡುತ್ತೇನೆ.