ಎಇಎಸ್ ಕೀನ ಪಾಸ್‌ಫ್ರೇಸ್ ಹಾಕಿ ಫೈಲಲ್ಲಿ ಇಡೋದು ಹೇಗೆ?

ಪ್ರಶ್ನೆ: ಎಲ್ರಿಗೂ ನಮಸ್ಕಾರ, ಜಾವಾದಲ್ಲಿ ಒಂದು ಬ್ಯಾಕಪ್ ಟೂಲ್ ಬರೀತಿದೀನಿ, ಬ್ಯಾಕಪ್ ಲಾಕ್ ಮಾಡೋ 256 ಬಿಟ್ ಎಇಎಸ್ (ಎನ್‌ಕ್ರಿಪ್ಷನ್ ವಿಧಾನ) ಕೀ ಡಿಸ್ಕಲ್ಲೇ ಇರಬೇಕು, ಪಾಸ್‌ಫ್ರೇಸ್ (ಉದ್ದದ ಪಾಸ್‌ವರ್ಡ್) ಕೊಟ್ರೆ ಮಾತ್ರ ಓಪನ್ ಆಗ್ಬೇಕು. ಪಾಸ್‌ಫ್ರೇಸನ್ನ ಎಸ್‌ಎಚ್‌ಎ-256 ಹ್ಯಾಶ್ ಮಾಡಿ ಅದರಿಂದ ಕೀನ ಎನ್‌ಕ್ರಿಪ್ಟ್ ಮಾಡಿದ್ರೆ ಸಾಕಾ? ಜಾವಾದ ಹಳೇ ಜೆಕೆಎಸ್ ಕೀಸ್ಟೋರಿಗೆ (ಕೀ ಇಡೋ ಫೈಲ್) ಹಾಕೋಕೆ ಹೋದ್ರೆ ಎರರ್ ಬರ್ತಿದೆ.

ಉತ್ತರ 1: ಸಾಕಾಗಲ್ಲ ಸರ್. ಎಸ್‌ಎಚ್‌ಎ-256 ತುಂಬಾ ಫಾಸ್ಟ್, ಫೈಲ್ ಕದ್ದೋನು ಜಿಪಿಯು ಹಾಕ್ಕೊಂಡು ಸೆಕೆಂಡಿಗೆ ಕೋಟಿಗಟ್ಟಲೆ ಪಾಸ್‌ಫ್ರೇಸ್ ಟ್ರೈ ಮಾಡ್ತಾನೆ. ಪಾಸ್‌ಫ್ರೇಸಿಂದ ಕೀ ಮಾಡೋಕೆ ಆರ್ಗಾನ್2ಐಡಿ ಬಳಸಿ, ಅದು ಮೆಮೊರಿ ಜಾಸ್ತಿ ತಿನ್ನುತ್ತೆ, ಅದಕ್ಕೇ ಜಿಪಿಯುಗೆ ಕಷ್ಟ. ಸಿಗದಿದ್ರೆ ಅದೇ ಕೆಲಸಕ್ಕೆ ಹ್ಯಾಶನ್ನ ಸುತ್ತು ಸುತ್ತಾಗಿ ಮಾಡೋ ಪಿಬಿಕೆಡಿಎಫ್2, ಎಸ್‌ಎಚ್‌ಎ-256 ಜೊತೆ ಒವಾಸ್ಪ್ (ಸಾಫ್ಟ್‌ವೇರ್ ಭದ್ರತೆಯ ಸಂಸ್ಥೆ) ಹೇಳೋದು 6,00,000 ಸುತ್ತು. ಪ್ರತಿ ಫೈಲಿಗೂ ಹೊಸ 16 ಬೈಟ್ ರ‍್ಯಾಂಡಮ್ ಸಾಲ್ಟ್ (ಪಾಸ್‌ಫ್ರೇಸ್ ಜೊತೆ ಸೇರಿಸೋ ಬೈಟ್‌ಗಳು) ಹಾಕಿ, ಬಂದ ಕೀಯಿಂದ ಅಸಲಿ ಕೀನ ಎಇಎಸ್‌ನ ಜಿಸಿಎಂ ಮೋಡಲ್ಲಿ ಎನ್‌ಕ್ರಿಪ್ಟ್ ಮಾಡಿ, ಆಗ ಯಾರಾದ್ರೂ ಫೈಲ್ ತಿದ್ದಿದ್ರೂ ಗೊತ್ತಾಗುತ್ತೆ. ಸಾಲ್ಟ್, ನಾನ್ಸ್ (ಜಿಸಿಎಂಗೆ ಪ್ರತಿ ಸಲ ಕೊಡೋ ಹೊಸ ಸಂಖ್ಯೆ), ಸುತ್ತಿನ ಲೆಕ್ಕ ಅದೇ ಫೈಲಲ್ಲಿ ಹಾಗೇ ಇರ್ಲಿ, ಗುಟ್ಟು ಬೇಕಿಲ್ಲ.

ಉತ್ತರ 2: ಜೆಕೆಎಸ್ ಸಿಮೆಟ್ರಿಕ್ ಕೀ (ಎಇಎಸ್ ತರ ಲಾಕಿಗೂ ಅನ್‌ಲಾಕಿಗೂ ಒಂದೇ ಕೀ) ಇಟ್ಕೊಳ್ಳಲ್ಲ, ಪಿಕೆಸಿಎಸ್12 ಟೈಪ್ ಕೀಸ್ಟೋರ್ ಇಟ್ಕೊಳ್ಳುತ್ತೆ, ಜಾವಾ 9ರಿಂದ ಅದೇ ಡೀಫಾಲ್ಟ್. ಆದ್ರೆ ಅದರ ಡೀಫಾಲ್ಟ್ ಸುತ್ತು 6 ಲಕ್ಷಕ್ಕಿಂತ ತುಂಬಾ ಕಡಿಮೆ, ಹಾಗಾಗಿ ನಾನಾದ್ರೆ ಮೇಲಿನವರು ಹೇಳಿದ ಹಾಗೇ ಮಾಡ್ತೀನಿ. ಪಾಸ್‌ಫ್ರೇಸ್ ಬದಲಾಯಿಸಿದ್ರೂ ಕೀ ಫೈಲ್ ಒಂದನ್ನ ಮತ್ತೆ ಬರೆದ್ರಾಯ್ತು, ಹಳೇ ಬ್ಯಾಕಪ್ ಮುಟ್ಟೋದೇ ಬೇಡ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಪಾಸ್‌ಫ್ರೇಸೇ ಮರೆತುಹೋದ್ರೆ?

ಉತ್ತರ 1: ಡೇಟಾ ಹೋದ ಹಾಗೇ. ಅದಕ್ಕೇ ಮೊದಲೇ ಅಸಲಿ ಕೀನ ಪ್ರಿಂಟ್ ತೆಗೆದು ಬ್ಯಾಂಕ್ ಲಾಕರಲ್ಲಿ ಇಡಿ.